ಬ್ಲಫ್‌ನಿಂದ ಟ್ರಾಯ್‌ವರೆಗೆ: ಒಬ್ಬ ಲೈನ್‌ಮನ್ ಮಗನ ಮೊದಲ ಹತ್ತು ವರ್ಷ

ಅಮೆರಿಕದಲ್ಲಿ ಗೋಡೆಯ ಸ್ವಿಚ್ ಮೇಲಕ್ಕಿದ್ದರೆ ಆನ್. ನಮ್ಮಲ್ಲಿ ಕೆಳಕ್ಕಿದ್ದರೆ ಆನ್. ಇದನ್ನು ನನಗೆ ಯಾರೂ ಹೇಳಿರಲಿಲ್ಲ. 2012ರ ಸೆಪ್ಟೆಂಬರ್, ನ್ಯೂಯಾರ್ಕ್ ರಾಜ್ಯದ ಟ್ರಾಯ್ ಅನ್ನುವ ಊರು, ಲ್ಯಾಬಿನಲ್ಲಿ ನನ್ನ ಮೊದಲ ವಾರ. ಬೆಂಚಿಗೆ ಕರೆಂಟ್ ಕೊಡುವ ಸ್ವಿಚ್ ಮೇಲಕ್ಕಿತ್ತು. ಆಫ್ ಇದೆ ಅಂದುಕೊಂಡು ವೈರ್ ಬಿಚ್ಚಲು ಹೋದೆ. ಮುಟ್ಟುವ ಮುಂಚೆ ಮೀಟರ್ ಇಟ್ಟು ನೋಡಿದೆ. 120 ವೋಲ್ಟ್ ತೋರಿಸಿತು.

ಹಾಗೆ ಮೀಟರ್ ಇಟ್ಟು ನೋಡುವ ಅಭ್ಯಾಸ ಕಾಲೇಜಿನಿಂದ ಬಂದದ್ದಲ್ಲ, ಅಪ್ಪನಿಂದ ಬಂದದ್ದು. ಅಪ್ಪ ಮಳವಳ್ಳಿ ತಾಲ್ಲೂಕಿನಲ್ಲಿ ಲೈನ್‌ಮನ್ ಆಗಿದ್ದರು. ಕೆಇಬಿ ಇದ್ದಾಗ ಸೇರಿ, ಚೆಸ್ಕಾಂ ಆದ ಮೇಲೆ ರಿಟೈರ್ ಆದರು. ಕಂಬ ಹತ್ತುವ ಮುಂಚೆ ಸಬ್‌ಸ್ಟೇಷನ್‌ನಿಂದ ಎಲ್‌ಸಿ ತಗೋಬೇಕು, ಅಂದರೆ ಲೈನ್ ಕ್ಲಿಯರ್. ಫೀಡರ್ ಆಫ್ ಮಾಡಿ, ಯಾರು ಯಾವಾಗ ಕೇಳಿದರು ಅಂತ ರಿಜಿಸ್ಟರಿನಲ್ಲಿ ಬರೆದ ಮೇಲೆಯೇ ಕೆಲಸ. ಎಲ್‌ಸಿ ಸಿಕ್ಕ ಮೇಲೂ ಅಪ್ಪ ಅರ್ತ್ ರಾಡ್ (ತಂತಿಯನ್ನು ನೆಲಕ್ಕೆ ಜೋಡಿಸುವ ಕೋಲು) ಹಾಕದೆ ತಂತಿ ಮುಟ್ಟುತ್ತಿರಲಿಲ್ಲ. ಊರಲ್ಲಿ ಯಾರೋ ಒಬ್ಬರು ಮದುವೆ ಮನೆಗೆ ಜನರೇಟರ್ ತಂದು ತಪ್ಪಾಗಿ ಜೋಡಿಸಿದ್ದರೆ ಸಾಕು, ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್ ಒಳಗಿಂದ ಕರೆಂಟ್ ಹಿಂದಕ್ಕೆ ಬಂದು ಆಫ್ ಆಗಿರುವ ಲೈನ್ ಮತ್ತೆ ಜೀವಂತವಾಗುತ್ತೆ. ಹಾಗೆ ಹೋದ ಜೊತೆಗಾರರನ್ನು ಅಪ್ಪ ನೋಡಿದ್ದರು. "ಎಲ್‌ಸಿ ಅಂದ್ರೆ ಬರೀ ಮಾತು ಕಣ್ಲಾ ಮಗ, ಅರ್ತ್ ಮಾಡ್ದೆ ಮುಟ್ಬ್ಯಾಡ" ಅನ್ನುತ್ತಿದ್ದರು.

ನಾನು ಎಲೆಕ್ಟ್ರಿಕಲ್ ತಗೊಂಡದ್ದಕ್ಕೆ ಇನ್ನೊಂದು ಕಾರಣವೂ ಇದೆ. ನಮ್ಮ ಕಡೆ ಶಿವನಸಮುದ್ರದ ಪವರ್ ಹೌಸ್ ಇರುವ ಜಾಗಕ್ಕೆ ಬ್ಲಫ್ ಅನ್ನುತ್ತಾರೆ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ ಶುರುವಾದ ಕೆಲಸ ಅದು. 1902ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ 147 ಕಿ.ಮೀ. ಲೈನ್ ಎಳೆದರು. ಆ ಕಾಲಕ್ಕೆ ಜಗತ್ತಿನಲ್ಲೇ ಅತಿ ಉದ್ದದ ಲೈನ್‌ಗಳಲ್ಲಿ ಅದೂ ಒಂದು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಆಮೇಲೆ, 1905ರಲ್ಲಿ. ಟರ್ಬೈನ್ ಸ್ವಿಟ್ಜರ್ಲೆಂಡಿನ ಎಷರ್ ವೀಸ್ ಕಂಪನಿಯದು, ಜನರೇಟರ್ ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನದು. ನಾನು ಹೈಸ್ಕೂಲಿನಲ್ಲಿದ್ದಾಗ ಅಪ್ಪ ಒಮ್ಮೆ ಒಳಗೆ ಕರ್ಕೊಂಡು ಹೋಗಿದ್ದರು. ಒಂದು ಹಳೇ ಮೆಷಿನ್ನಿನ ಪ್ಲೇಟಿನ ಮೇಲೆ ಉದ್ದನೆಯ ಊರಿನ ಹೆಸರಿತ್ತು. ಇಬ್ಬರಿಗೂ ಓದಲು ಬರಲಿಲ್ಲ. ಸ್ಪೆಲಿಂಗ್ ಬರೆದುಕೊಂಡು ಬಂದು ಅಟ್ಲಾಸಿನಲ್ಲಿ ಹುಡುಕಿದೆ. ಸ್ಕೆನೆಕ್ಟಡಿ. ಜನರಲ್ ಎಲೆಕ್ಟ್ರಿಕ್‌ನ ಕಾರ್ಖಾನೆ ಇದ್ದ ಊರು, ಟ್ರಾಯ್‌ನಿಂದ ಅಲ್ಲಿಗೆ ಕಾರಿನಲ್ಲಿ ಅರ್ಧ ಗಂಟೆ.

ಮೈಸೂರಿನಲ್ಲಿ ಬಿ.ಇ., ಸುರತ್ಕಲ್‌ನಲ್ಲಿ ಎಂ.ಟೆಕ್. ಮುಗಿಸಿ 9 ಕಡೆ ಅರ್ಜಿ ಹಾಕಿದೆ. ಎರಡು ಕಡೆ ಪಿಎಚ್‌ಡಿಗೆ ಸೀಟು ಬಂತು. ಫೀಸ್ ಮನ್ನಾ ಮಾಡಿ, ಪಾಠದ ಕೆಲಸ ಕೊಟ್ಟು ಸಂಬಳ ಕೊಡುತ್ತೇವೆ ಅಂದದ್ದು ಒಂದೇ ಕಡೆ: ಟ್ರಾಯ್‌ನ ರೆನ್ಸಲೇರ್ ಪಾಲಿಟೆಕ್ನಿಕ್. ಪಾಲಿಟೆಕ್ನಿಕ್ ಅಂದರೆ ನಮ್ಮಲ್ಲಿ ಡಿಪ್ಲೊಮಾ ಅಲ್ವಾ, ಎಂ.ಟೆಕ್. ಮಾಡಿದ ಮೇಲೆ ಡಿಪ್ಲೊಮಾಗೆ ಯಾಕೆ ಅಷ್ಟು ದೂರ ಅಂತ ನೆಂಟರು ಕೇಳಿದರು. ಅದು 1824ರಿಂದ ಇರುವ ವಿಶ್ವವಿದ್ಯಾಲಯ ಅಂತ ಅಮ್ಮ ಎಲ್ಲರಿಗೂ ಬಿಡಿಸಿ ಹೇಳಬೇಕಾಯಿತು.

ವೀಸಾ ಇಂಟರ್‌ವ್ಯೂಗೆ ಚೆನ್ನೈಗೇ ಹೋಗಬೇಕಿತ್ತು. ರಾತ್ರಿ ರೈಲಿಗೆ ಹೋಗಿ, ಅಣ್ಣಾ ಸಾಲೈನಲ್ಲಿ ಬೆಳಗಿನ ಜಾವವೇ ಕ್ಯೂನಲ್ಲಿ ನಿಂತೆ. ಕಿಟಕಿಯಲ್ಲಿ ಎರಡೇ ನಿಮಿಷ. ಯಾವ ವಿಷಯ ಅಂದರು, ಪವರ್ ಸೆಮಿಕಂಡಕ್ಟರ್ ಅಂದೆ. ಒಂದು ಚೀಟಿ ಕೊಟ್ಟು, ಬಯೋಡೇಟಾ, ಸಂಶೋಧನೆಯ ವಿವರ, ಗೈಡ್ ಯಾರು ಅನ್ನುವುದನ್ನೆಲ್ಲ ಕಳಿಸಿ ಅಂದರು. ಇದಕ್ಕೆ 221(ಜಿ) ಅನ್ನುತ್ತಾರೆ. ತಾಂತ್ರಿಕ ವಿಷಯ ಓದುವವರಿಗೆ ಇದು ಆಗಾಗ ಬರುತ್ತೆ. ವೀಸಾ ಇಲ್ಲ ಅಂತಲ್ಲ, ಆದರೆ ಯಾವಾಗ ಅಂತ ಯಾರೂ ಹೇಳಲ್ಲ. ಐದು ವಾರ ಕಾದೆ. ಅಷ್ಟರಲ್ಲಿ ಅಲ್ಲಿ ಕ್ಲಾಸ್ ಶುರುವಾಗಿತ್ತು. ತಡವಾಗಿ ಬಾ, ಪರವಾಗಿಲ್ಲ ಅಂತ ಡಿಪಾರ್ಟ್‌ಮೆಂಟಿನವರು ಪತ್ರ ಕೊಟ್ಟದ್ದರಿಂದ ಉಳಿದೆ.

ಮೊದಲ ವರ್ಷ ಸರ್ಕ್ಯೂಟ್ ಲ್ಯಾಬಿನಲ್ಲಿ ಪಾಠ ಮಾಡುವ ಕೆಲಸ. ನನ್ನ ಇಂಗ್ಲಿಷ್ ಚೆನ್ನಾಗಿದೆ ಅಂದುಕೊಂಡಿದ್ದೆ. ಇಂಪೀಡೆನ್ಸ್, ಅಂದರೆ ಎಸಿ ಕರೆಂಟಿಗೆ ಸರ್ಕ್ಯೂಟ್ ಒಡ್ಡುವ ಅಡ್ಡಿ, ಅದನ್ನು ಸೂಚಿಸುವ Z ಅಕ್ಷರಕ್ಕೆ ನಾವು 'ಝೆಡ್' ಅನ್ನುತ್ತೇವೆ, ಅಲ್ಲಿ 'ಝೀ'. ಅವರ 'ಝೀ' ನನಗೆ 'ಸಿ' ಅಂತ ಕೇಳಿಸಿ, ಕೆಪಾಸಿಟರ್ (ವಿದ್ಯುತ್ತನ್ನು ತುಂಬಿಟ್ಟುಕೊಳ್ಳುವ ಭಾಗ, ಅದರ ಗುರುತು C) ಬಗ್ಗೆ ಕೇಳುತ್ತಿದ್ದಾರೆ ಅಂತ ಏನೇನೋ ಉತ್ತರ ಕೊಟ್ಟೆ. ನಾನು 'ಅರ್ತ್' ಅಂದರೆ ಹುಡುಗರು ಮುಖ ಮುಖ ನೋಡುತ್ತಿದ್ದರು, ಅಲ್ಲಿ ಅದು 'ಗ್ರೌಂಡ್'. ಸ್ಪ್ಯಾನರ್ ಅಲ್ಲ, ರೆಂಚ್. ಕರೆಂಟ್ 50 ಹರ್ಟ್ಸ್ ಅಲ್ಲ, 60. ಒಂದು ಸಣ್ಣ ಪುಸ್ತಕದಲ್ಲಿ ಎರಡು ಕಾಲಂ ಮಾಡಿ ಎಲ್ಲ ಬರೆದಿಟ್ಟುಕೊಂಡೆ. ಕ್ಲಾಸಿಗೆ ಹೋಗುವ ಮುಂಚೆ ಓದಿಕೊಂಡು ಹೋಗುತ್ತಿದ್ದೆ. ಎರಡನೇ ಸೆಮಿಸ್ಟರಿಗೆ ಸರಿಹೋಯಿತು. ಕೋರ್ಸ್‌ಗಳು, ಕ್ವಾಲಿಫೈಯಿಂಗ್ ಪರೀಕ್ಷೆ ಎಲ್ಲ ನಮ್ಮ ಹುಡುಗರಿಗೆ ಅಷ್ಟು ಕಷ್ಟವಲ್ಲ. ಪರೀಕ್ಷೆ ಬರೆಯುವುದು ನಮಗೆ ಗೊತ್ತು. ಉತ್ತರ ಯಾರಿಗೂ ಗೊತ್ತಿಲ್ಲದ ಪ್ರಶ್ನೆ ಎದುರು ಬಂದಾಗ ನಿಜವಾದ ಕಷ್ಟ ಶುರುವಾಯಿತು.

ನನ್ನ ವಿಷಯ ಸಿಲಿಕಾನ್ ಕಾರ್ಬೈಡ್ ಮಾಸ್‌ಫೆಟ್. ಸುಲಭವಾಗಿ ಹೇಳುವುದಾದರೆ ಅದೊಂದು ಸ್ವಿಚ್. ಸೆಕೆಂಡಿಗೆ ಹತ್ತಾರು ಸಾವಿರ ಸಲ ಆನ್ ಆಫ್ ಆಗುತ್ತೆ. ಸೋಲಾರ್ ಇನ್ವರ್ಟರ್, ಎಲೆಕ್ಟ್ರಿಕ್ ಕಾರು, ಚಾರ್ಜರ್ ಎಲ್ಲದರ ಒಳಗೂ ಇಂಥ ಸ್ವಿಚ್ ಬೇಕು. ಮಾಮೂಲಿ ಸಿಲಿಕಾನ್‌ಗಿಂತ ಇದು ಜಾಸ್ತಿ ವೋಲ್ಟೇಜ್ ತಡೆಯುತ್ತೆ, ಬೇಗ ಆನ್ ಆಫ್ ಆಗುತ್ತೆ, ಕಡಿಮೆ ಬಿಸಿಯಾಗುತ್ತೆ. 1200 ವೋಲ್ಟಿನ ಇಂಥ ಮಾಸ್‌ಫೆಟ್ಟನ್ನು ಕ್ರೀ ಕಂಪನಿ ಮಾರಾಟಕ್ಕೆ ಬಿಟ್ಟದ್ದು 2011ರ ಜನವರಿಯಲ್ಲಿ. ನಾನು ಲ್ಯಾಬಿಗೆ ಹೋದಾಗ ಅದು ಇನ್ನೂ ಹೊಸದು, ದುಬಾರಿ.

ಆನ್ ಆಗುವಾಗ, ಆಫ್ ಆಗುವಾಗ ಎಷ್ಟು ಶಕ್ತಿ ನಷ್ಟವಾಗುತ್ತೆ ಅಂತ ಅಳೆಯುವುದು ನನ್ನ ಕೆಲಸ. ಅದಕ್ಕೆ ಡಬಲ್ ಪಲ್ಸ್ ಟೆಸ್ಟ್ ಅಂತ ಇದೆ. ಮೊದಲ ಪಲ್ಸ್‌ನಲ್ಲಿ ಒಂದು ಕಾಯಿಲ್‌ನಲ್ಲಿ ಕರೆಂಟ್ ಏರಿಸಿ, ಸ್ವಿಚ್ ಆಫ್ ಮಾಡಿ, ತಕ್ಷಣ ಮತ್ತೆ ಆನ್ ಮಾಡಿ, ಆ ಎರಡು ಕ್ಷಣಗಳನ್ನು ಆಸಿಲೋಸ್ಕೋಪಿನಲ್ಲಿ (ವೋಲ್ಟೇಜಿನ ಏರಿಳಿತವನ್ನು ಗೆರೆಯಾಗಿ ತೋರಿಸುವ ಉಪಕರಣ) ಹಿಡಿಯಬೇಕು. ಕೇಳುವುದಕ್ಕೆ ಸುಲಭ. ನನಗೆ ಒಂದು ಇಡೀ ಚಳಿಗಾಲ ಹೋಯಿತು. ಸೋಮವಾರ ಬಂದ ಅಂಕಿ ಮಂಗಳವಾರ ಬರುತ್ತಿರಲಿಲ್ಲ. ಸ್ಕೋಪಿನ ಗೆರೆ ಗಂಟೆ ಹೊಡೆದ ಹಾಗೆ ನಡುಗುತ್ತಿತ್ತು. ನಡುನಡುವೆ ಟಪ್ ಅಂತ ಒಂದು ಸದ್ದು, ಒಂದು ಮಾಸ್‌ಫೆಟ್ ಸತ್ತಿತು. ಹೀಗೆ 11 ಹೋದವು. ನನ್ನ ಒಂದು ವಾರದ ಊಟದ ದುಡ್ಡಿಗಿಂತ ಒಂದು ಡಿವೈಸ್ ದುಬಾರಿ, ಹಾಗಾಗಿ ಪ್ರತಿ ಸದ್ದಿಗೂ ಹೊಟ್ಟೆ ಉರಿಯುತ್ತಿತ್ತು. ವಾಪಸ್ ಕಳಿಸಿಬಿಡುತ್ತಾರೇನೋ ಅಂತ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಗೈಡ್ ಬೈಯಲಿಲ್ಲ. ಸತ್ತದ್ದನ್ನು ಎಸೆಯಬೇಡ, ಪ್ರತಿಯೊಂದಕ್ಕೂ ನಂಬರ್ ಅಂಟಿಸಿ, ಸಾಯುವ ಮುಂಚೆ ಏನೇನು ಮಾಡಿದ್ದೆ ಅಂತ ನೋಟ್‌ಬುಕ್ಕಿನಲ್ಲಿ ಬರೆ ಅಂದರು.

ಆ ನೋಟ್‌ಬುಕ್ಕೇ ದಾರಿ ತೋರಿಸಿತು. 11 ಸಾವುಗಳನ್ನೂ ಒಂದೇ ಹಾಳೆಯಲ್ಲಿ ಬರೆದು ನೋಡಿದಾಗ, ಎಲ್ಲವೂ ಸತ್ತದ್ದು ಆಫ್ ಆಗುವ ಹೊತ್ತಿನಲ್ಲಿ, ಅದೂ 30 ಆಂಪಿಯರ್ ಆಸುಪಾಸಿನಲ್ಲಿ. ನಾನು ಕೆಪಾಸಿಟರ್‌ನಿಂದ ಡಿವೈಸಿಗೆ ಹೋಗಿ ಬರಲು ಸುಮಾರು 20 ಸೆಂ.ಮೀ. ತಂತಿ ಬಳಸಿದ್ದೆ. ಒಂದು ಸೆಂ.ಮೀ. ತಂತಿಗೆ ಅಂದಾಜು 10 ನ್ಯಾನೊಹೆನ್ರಿ ಇಂಡಕ್ಟೆನ್ಸ್ (ಕರೆಂಟ್ ಬದಲಾಗುವುದಕ್ಕೆ ತಂತಿ ಒಡ್ಡುವ ಅಡ್ಡಿ) ಅಂತ ಒಂದು ಒರಟು ಲೆಕ್ಕ ಇದೆ, ಅಂದರೆ ಒಟ್ಟು 200. ಈ ಸ್ವಿಚ್ 30 ಆಂಪಿಯರನ್ನು 15 ನ್ಯಾನೊಸೆಕೆಂಡಿನಲ್ಲಿ ನಿಲ್ಲಿಸುತ್ತೆ. ಕರೆಂಟ್ ತಟ್ಟನೆ ನಿಂತಾಗ ಆ ಇಂಡಕ್ಟೆನ್ಸಿನಿಂದ ವೋಲ್ಟೇಜ್ ಚಿಮ್ಮುತ್ತೆ: 200ನ್ನು 30ರಿಂದ ಗುಣಿಸಿ 15ರಿಂದ ಭಾಗಿಸಿದರೆ 400 ವೋಲ್ಟ್. ನಾನು ಕೊಟ್ಟಿದ್ದ 800ರ ಮೇಲೆ ಈ 400 ಸೇರಿ 1200, ಡಿವೈಸ್ ತಡೆಯುವ ಮಿತಿಯೇ ಅಷ್ಟು. ಇದು ಸ್ಕೋಪಿನಲ್ಲಿ ಯಾಕೆ ಕಾಣಲಿಲ್ಲ? ಯಾಕೆಂದರೆ ನನ್ನ ಪ್ರೋಬಿನ (ಸ್ಕೋಪಿಗೆ ಸಿಗ್ನಲ್ ಒಯ್ಯುವ ಕಡ್ಡಿ) ಗ್ರೌಂಡ್ ವೈರ್ ಗೇಣುದ್ದ ಇತ್ತು. ಅದೇ ಒಂದು ಆಂಟೆನಾ ಥರ ನಡುಗುತ್ತಿತ್ತು. ಡಿವೈಸಿನ ನಡುಕ ಯಾವುದು, ಪ್ರೋಬಿನ ನಡುಕ ಯಾವುದು ಅಂತ ಗೊತ್ತಾಗುತ್ತಿರಲಿಲ್ಲ. ಆ ವೈರ್ ತೆಗೆದು, ಪ್ರೋಬಿನ ತುದಿಗೇ ಒಂದು ಚಿಕ್ಕ ಸ್ಪ್ರಿಂಗ್ ಸಿಕ್ಕಿಸಿದೆ. ಕೆಪಾಸಿಟರನ್ನು ಡಿವೈಸಿನ ಪಕ್ಕಕ್ಕೇ ತಂದೆ. ಹೋಗುವ ದಾರಿ, ಬರುವ ದಾರಿ ಎರಡನ್ನೂ ಅಗಲವಾದ ತಾಮ್ರದ ಪಟ್ಟಿಯಲ್ಲಿ ಒಂದರ ಮೇಲೊಂದು, ನಡುವೆ ತೆಳು ಇನ್ಸುಲೇಷನ್ ಇಟ್ಟು ಮಾಡಿದೆ. ಎರಡರ ಕಾಂತಕ್ಷೇತ್ರ ಒಂದನ್ನೊಂದು ಹೊಡೆದುಹಾಕುತ್ತೆ. ಆಮೇಲೆ ಗೆರೆ ನೇರವಾಯಿತು. ಸೋಮವಾರದ ಅಂಕಿ ಮಂಗಳವಾರವೂ ಬಂತು. 12ನೇ ಡಿವೈಸ್ ನಾನು ಪಿಎಚ್‌ಡಿ ಮುಗಿಸುವವರೆಗೂ ಬದುಕಿತ್ತು.

ಈ ವಿದ್ಯೆ ಗೊತ್ತಿದ್ದವರಿಗೆ ಇದೆಲ್ಲ ಮಾಮೂಲು. ಆದರೆ ಅಳತೆ ಮಾಡುವ ಉಪಕರಣವೇ ಅಳತೆಯನ್ನು ಕೆಡಿಸುತ್ತಿರಬಹುದು ಅನ್ನುವುದು ಪುಸ್ತಕದಲ್ಲಿ ಓದಿ ನನ್ನ ತಲೆಗೆ ಹೋಗಿರಲಿಲ್ಲ. 11 ಸಾವು ಆಗಬೇಕಾಯಿತು. ನನ್ನ ಮೊದಲ ಪೇಪರ್ ಬಂದದ್ದು ಇದರಿಂದಲೇ.

ಅದೇ ವರ್ಷ ಇನ್ನೊಂದು ಘಟನೆ. ನಮ್ಮ ಕೆಪಾಸಿಟರ್ ಬ್ಯಾಂಕ್ 1 ಮಿಲಿಫ್ಯಾರಡ್. 800 ವೋಲ್ಟಿನಲ್ಲಿ ಅದರಲ್ಲಿ 320 ಜೂಲ್ ಇರುತ್ತೆ. ಸಪ್ಲೈ ಆಫ್ ಮಾಡಿದ ಮೇಲೆ ಅದು ತಾನಾಗಿ ಖಾಲಿಯಾಗಲಿ ಅಂತ ಒಂದು ರೆಸಿಸ್ಟರ್ ಹಾಕಿರುತ್ತಾರೆ. ಒಂದು ಸಂಜೆ ನಾನೇ ಹಾಕಿದ್ದ ರೆಸಿಸ್ಟರಿನ ಬೆಸುಗೆ ಬಿಟ್ಟುಹೋಗಿತ್ತು. ಗೊತ್ತಾಗಲಿಲ್ಲ. ಸಪ್ಲೈ ಸೊನ್ನೆ ತೋರಿಸುತ್ತಿತ್ತು. ಮೀಟರ್ ಇಟ್ಟೆ, 700 ಚಿಲ್ಲರೆ. ಅವತ್ತು ರಾತ್ರಿ ಫೋನಿನಲ್ಲಿ ಅಪ್ಪನಿಗೆ ಹೇಳಿದೆ. ಅಪ್ಪ ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅಲ್ಲಿ ಅರ್ತ್ ರಾಡ್ ಇಲ್ವಾ?" ಅಂದರು. ಮಾರನೇ ದಿನ ಉದ್ದ ಪ್ಲಾಸ್ಟಿಕ್ ಕೋಲಿನ ತುದಿಗೆ ತಾಮ್ರದ ಕೊಕ್ಕೆ, ನಡುವೆ ಪವರ್ ರೆಸಿಸ್ಟರ್ ಹಾಕಿ ಒಂದು ರಾಡ್ ಮಾಡಿದೆ. ಬೆಂಚಿನ ಪಕ್ಕ ತೂಗುಹಾಕಿದೆ. ಜೊತೆಯವರೂ ಬಳಸಲು ಶುರು ಮಾಡಿದರು.

ಒಂದು ಭಾನುವಾರ ಬಸ್ ಹಿಡಿದು ಸ್ಕೆನೆಕ್ಟಡಿಗೆ ಹೋದೆ. ಅಲ್ಲಿನ ವೇಲ್ ಸ್ಮಶಾನದಲ್ಲಿ ಚಾರ್ಲ್ಸ್ ಸ್ಟೈನ್‌ಮೆಟ್ಜ್ ಅವರ ಸಮಾಧಿ ಇದೆ. ಎಲೆಕ್ಟ್ರಿಕಲ್ ಓದಿದವರೆಲ್ಲ ಎಸಿ ಸರ್ಕ್ಯೂಟಿಗೆ ಕಾಂಪ್ಲೆಕ್ಸ್ ನಂಬರ್ ಹಾಕಿ ಲೆಕ್ಕ ಮಾಡಿರುತ್ತೇವೆ, ಅಲ್ವಾ? 1893ರಲ್ಲಿ ಶಿಕಾಗೋದಲ್ಲಿ ಎಂಜಿನಿಯರುಗಳ ಮುಂದೆ ಆ ವಿಧಾನವನ್ನು ಇಟ್ಟವರು ಇವರೇ. ಹುಟ್ಟಿದ್ದು ಆಗ ಜರ್ಮನ್ನರ ಪ್ರಷ್ಯಾ ರಾಜ್ಯದಲ್ಲಿದ್ದ ಬ್ರೆಸ್ಲಾವ್‌ನಲ್ಲಿ. ಸಮಾಜವಾದಿ ಅಂತ ಪೊಲೀಸರು ಬೆನ್ನು ಹತ್ತಿದಾಗ ಓಡಿ, 1889ರಲ್ಲಿ ನ್ಯೂಯಾರ್ಕಿಗೆ ಬಂದರು. ಹುಟ್ಟಿನಿಂದ ಗೂನು ಬೆನ್ನು, ಕುಳ್ಳು, ಕೈಯಲ್ಲಿ ದುಡ್ಡಿಲ್ಲ, ಇಂಗ್ಲಿಷ್ ಬರಲ್ಲ. ಬಂದರಿನಲ್ಲಿ ವಾಪಸ್ ಕಳಿಸಲು ಹೊರಟಿದ್ದರು. ಜೊತೆಗಿದ್ದ ಗೆಳೆಯ ನಾನು ನೋಡಿಕೊಳ್ಳುತ್ತೇನೆ ಅಂತ ಹೇಳಿ ಒಳಗೆ ಬಿಡಿಸಿದ. ಮೂರೇ ವರ್ಷದಲ್ಲಿ, ಯಾಂಕರ್ಸ್‌ನ ಒಂದು ಸಣ್ಣ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾ, ಕಬ್ಬಿಣದಲ್ಲಿ ಆಗುವ ಕಾಂತೀಯ ನಷ್ಟಕ್ಕೆ ಸೂತ್ರ ಕಂಡುಹಿಡಿದರು. ಫ್ಲಕ್ಸ್ ಸಾಂದ್ರತೆ, ಅಂದರೆ ಕಬ್ಬಿಣದೊಳಗಿನ ಕಾಂತಕ್ಷೇತ್ರ ಎಷ್ಟು ದಟ್ಟ ಅನ್ನುವುದು, ಅದರ 1.6ನೇ ಘಾತ. ನನ್ನ ಥೀಸಿಸಿನ ಕಾಯಿಲ್ ಲೆಕ್ಕಕ್ಕೆ ನಾನು ಬಳಸಿದ್ದೂ ಅದೇ ಸೂತ್ರದ ಈಗಿನ ರೂಪ. ಆಮೇಲೆ ಜನರಲ್ ಎಲೆಕ್ಟ್ರಿಕ್ ಸೇರಿ ಸ್ಕೆನೆಕ್ಟಡಿಗೆ ಬಂದರು. ಬ್ಲಫ್‌ನ ಜನರೇಟರ್ ಕಳಿಸಿದ ಕಾಲದಲ್ಲಿ ಅವರು ಅದೇ ಕಂಪನಿಯಲ್ಲಿದ್ದರು. ಸಮಾಧಿಯ ಮುಂದೆ ಹಿಮದಲ್ಲಿ ನಿಂತು ಇದನ್ನು ಯೋಚಿಸುತ್ತಾ ನನಗೆ ಕಣ್ಣು ತುಂಬಿ ಬಂತು.

ಇನ್ನೊಬ್ಬರ ಬಗ್ಗೆಯೂ ಹೇಳಬೇಕು. ಬಿ. ಜಯಂತ್ ಬಾಳಿಗಾ ನಮ್ಮ ಬೆಂಗಳೂರಿನ ಜಾಲಹಳ್ಳಿಯಲ್ಲಿ ಬೆಳೆದವರು. ತಂದೆ ಬಿಇಎಲ್‌ನಲ್ಲಿದ್ದರು. ಮದ್ರಾಸ್ ಐಐಟಿ ಮುಗಿಸಿ ಇದೇ ಟ್ರಾಯ್‌ಗೆ ಬಂದು 1974ರಲ್ಲಿ ಪಿಎಚ್‌ಡಿ ಮುಗಿಸಿ, ಜನರಲ್ ಎಲೆಕ್ಟ್ರಿಕ್ ಸೇರಿ, ಐಜಿಬಿಟಿ ಅನ್ನುವ ಸ್ವಿಚ್ಚನ್ನು ರೂಪಿಸಿದರು. ಇವತ್ತು ಮೆಟ್ರೋ ರೈಲು, ಇನ್ವರ್ಟರ್ ಎಸಿ, ಇಂಡಕ್ಷನ್ ಒಲೆ ಎಲ್ಲದರಲ್ಲೂ ಅದಿದೆ. 2024ರಲ್ಲಿ ಫಿನ್ಲೆಂಡಿನ ಮಿಲೆನಿಯಂ ಟೆಕ್ನಾಲಜಿ ಪ್ರಶಸ್ತಿ ಅವರಿಗೆ ಬಂತು. ನಮ್ಮ ಶಾಲೆಗಳಲ್ಲಿ ಅವರ ಹೆಸರು ಗೊತ್ತಿರುವ ಮಕ್ಕಳು ಎಷ್ಟಿದ್ದಾರೆ? ಇದು ನನಗೆ ನಿಜವಾಗಲೂ ಬೇಸರದ ವಿಷಯ.

2018ರ ಮೇನಲ್ಲಿ ಪಿಎಚ್‌ಡಿ ಮುಗಿಯಿತು. ಇಲ್ಲಿಂದ ಮುಂದೆ ಲ್ಯಾಬಿನ ಕಥೆಗಿಂತ ಕಾಗದಪತ್ರದ ಕಥೆಯೇ ಜಾಸ್ತಿ. ಓದು ಮುಗಿದ ಮೇಲೆ ಒಪಿಟಿ ಅಂತ 12 ತಿಂಗಳು ಕೆಲಸ ಮಾಡಲು ಬಿಡುತ್ತಾರೆ. ಅದರಲ್ಲಿ ಒಟ್ಟು 90 ದಿನಕ್ಕಿಂತ ಜಾಸ್ತಿ ಕೆಲಸವಿಲ್ಲದೆ ಇರುವಂತಿಲ್ಲ. ನಾನು 60ಕ್ಕೂ ಹೆಚ್ಚು ಅರ್ಜಿ ಹಾಕಿದೆ. ಎಲ್ಲ ಅರ್ಜಿಯಲ್ಲೂ ಒಂದು ಪ್ರಶ್ನೆ: ನಿಮಗೆ ಈಗ ಅಥವಾ ಮುಂದೆ ವೀಸಾ ಸ್ಪಾನ್ಸರ್ ಬೇಕೇ? ಹೌದು ಅಂತ ಒತ್ತಿದರೆ ಬಹಳಷ್ಟು ಕಡೆಯಿಂದ ಉತ್ತರವೇ ಇಲ್ಲ. ಪವರ್ ಎಲೆಕ್ಟ್ರಾನಿಕ್ಸ್‌ನ ಒಳ್ಳೊಳ್ಳೆ ಕೆಲಸಗಳು ರಕ್ಷಣೆ, ವಿಮಾನದ ಕಡೆ ಇರುತ್ತವೆ. ಅಲ್ಲಿ ಗ್ರೀನ್ ಕಾರ್ಡ್ ಆದರೂ ಇರಬೇಕು ಅಂತ ಕೇಳುತ್ತಾರೆ. ಒಂದು ಕಂಪನಿ ಆಫರ್ ಪತ್ರ ಕೊಟ್ಟು, ನಾನು ಮನೆ ಹುಡುಕುತ್ತಿರುವಾಗ, ವಕೀಲರು ಬೇಡ ಅಂದರು ಅಂತ ವಾಪಸ್ ತಗೊಂಡಿತು. 71ನೇ ದಿನಕ್ಕೆ, ಕಾರ್ ಚಾರ್ಜರ್ ಮಾಡುವ ಒಂದು ಚಿಕ್ಕ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಆ 71 ದಿನ ಕ್ಯಾಲೆಂಡರಿನಲ್ಲಿ ದಿನಾ ಒಂದು ಗೀಟು ಹಾಕುತ್ತಿದ್ದೆ.

ಆರು ವರ್ಷ ಒಂದು ಸ್ವಿಚ್ಚನ್ನು ನೋಡಿದವನು ಈಗ 50 ಕಿಲೋವ್ಯಾಟಿನ ಪೂರ್ತಿ ಪೆಟ್ಟಿಗೆ ನೋಡಬೇಕಿತ್ತು. ಮೊದಲ ವರ್ಷವೇ ಹೊರಗಿಟ್ಟ ಒಂದು ಯೂನಿಟ್ ದಿನಾ ಬೆಳಗ್ಗೆ ಟ್ರಿಪ್ ಆಗುತ್ತಿತ್ತು, ಮಧ್ಯಾಹ್ನ ಸರಿಯಿರುತ್ತಿತ್ತು. ಎಲ್ಲರೂ ಸಾಫ್ಟ್‌ವೇರ್ ಅಂದರು. ನಾನು ಎರಡು ದಿನ ಬೆಳಗಿನ ಐದು ಗಂಟೆಗೆ ಹೋಗಿ ಬಾಗಿಲು ತೆಗೆದು ಕೂತೆ. ಬೋರ್ಡಿನ ಮೇಲೆ ಇಬ್ಬನಿ ಕಟ್ಟಿತ್ತು. ಒಂದು ಸಣ್ಣ ಹೀಟರ್, ಬೋರ್ಡಿಗೆ ಒಂದು ಕೋಟಿಂಗ್, ಅಷ್ಟರಲ್ಲಿ ಮುಗಿಯಿತು. ಹೋಗಿ ಕಣ್ಣಾರೆ ನೋಡುವುದಕ್ಕಿಂತ ದೊಡ್ಡ ಉಪಕರಣ ನನಗೆ ಇನ್ನೂ ಸಿಕ್ಕಿಲ್ಲ.

ಒಪಿಟಿ ಮುಗಿದ ಮೇಲೆ ವಿಜ್ಞಾನ, ಎಂಜಿನಿಯರಿಂಗ್ ಓದಿದವರಿಗೆ ಇನ್ನೂ 24 ತಿಂಗಳು ಸಿಗುತ್ತೆ. ಅಷ್ಟರೊಳಗೆ ಎಚ್-1ಬಿ ಅನ್ನುವ ಕೆಲಸದ ವೀಸಾದ ಲಾಟರಿಯಲ್ಲಿ ಹೆಸರು ಬರಬೇಕು. ವರ್ಷಕ್ಕೆ 85,000, ಅದರಲ್ಲಿ 20,000 ಅಲ್ಲಿ ಮಾಸ್ಟರ್ಸ್ ಅಥವಾ ಅದಕ್ಕಿಂತ ಮೇಲೆ ಓದಿದವರಿಗೆ. 2019ರಲ್ಲಿ ಬರಲಿಲ್ಲ. 2020ರಲ್ಲೂ ಬರಲಿಲ್ಲ. ನನ್ನ ಎಫ್-1, ಅಂದರೆ ವಿದ್ಯಾರ್ಥಿ ವೀಸಾದ ಸ್ಟ್ಯಾಂಪ್ 2017ಕ್ಕೇ ಮುಗಿದಿತ್ತು. ಊರಿಗೆ ಹೋದರೆ ಮತ್ತೆ ಇಂಟರ್‌ವ್ಯೂ, ಮತ್ತೆ ಚೀಟಿ ಕೊಟ್ಟರೆ ಕೆಲಸವೇ ಹೋಗಬಹುದು. 2019ರಲ್ಲಿ ತಂಗಿಯ ಮದುವೆಯನ್ನು ರಾತ್ರಿಯೆಲ್ಲ ಎದ್ದು ಫೋನಿನಲ್ಲಿ ನೋಡಿದೆ. ಧಾರೆ ಎರೆಯುವ ಹೊತ್ತಿಗೆ ಸರಿಯಾಗಿ ಸಿಗ್ನಲ್ ಹೋಯಿತು. ಆ ನೋವು ಇನ್ನೂ ಹೋಗಿಲ್ಲ.

2021ರ ಮಾರ್ಚ್‌ನಲ್ಲಿ ಕೊನೆಯ ಸಲ. ಅವತ್ತು ಬಂತು. ವಕೀಲರ ಮೇಲ್ ನೋಡಿ ಲ್ಯಾಬಿನಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಅಷ್ಟರಲ್ಲಿ ಗ್ರೀನ್ ಕಾರ್ಡಿಗೆ ಎನ್‌ಐಡಬ್ಲ್ಯೂ ಅನ್ನುವ ಅರ್ಜಿಯನ್ನೂ ಹಾಕಿದ್ದೆ. ನಿಮ್ಮ ಕೆಲಸ ದೇಶಕ್ಕೆ ಮುಖ್ಯ ಅಂತ ತೋರಿಸಿದರೆ ಕಂಪನಿಯ ಹಂಗಿಲ್ಲದೆ ನೀವೇ ಹಾಕಬಹುದು. ಈಗ ಹೋಗುತ್ತಿರುವ ತಮ್ಮ ತಂಗಿಯರಿಗೆ ಒಂದು ಮಾತು: ಮೊದಲ ದಿನದಿಂದ ಎಲ್ಲ ಜೋಡಿಸಿಡಿ. ಪೇಪರ್, ಯಾವ ಪೇಪರನ್ನು ರಿವ್ಯೂ ಮಾಡಿದಿರಿ, ನಿಮ್ಮ ಕೆಲಸವನ್ನು ಯಾರು ಬಳಸಿದರು, ಎಲ್ಲವೂ ಬೇಕಾಗುತ್ತೆ. ನಿಮ್ಮ ಜೊತೆ ಕೆಲಸ ಮಾಡದವರಿಂದಲೂ ಪತ್ರ ಬೇಕಾಗುತ್ತೆ. ನನ್ನ ಅರ್ಜಿ ಒಪ್ಪಿಗೆಯಾಗಿದೆ, ಆದರೆ ಗ್ರೀನ್ ಕಾರ್ಡ್ ಬಂದಿಲ್ಲ. ಭಾರತದಲ್ಲಿ ಹುಟ್ಟಿದವರ ಸಾಲು ಬೇರೆ. 2025ರ ಶುರುವಿನಲ್ಲಿ 2012ರಲ್ಲಿ ಹಾಕಿದವರಿಗೆ ಕೊಡುತ್ತಿದ್ದರು. ನನ್ನದು 2020ರದು.

2023ರ ಫೆಬ್ರವರಿಯಲ್ಲಿ ಎಚ್-1ಬಿ ಸ್ಟ್ಯಾಂಪಿಂಗಿಗೆ ಊರಿಗೆ ಬಂದೆ. 2015ರ ನಂತರ ಅದೇ ಮೊದಲು. ಅಪ್ಪನ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಪಾಸ್‌ಪೋರ್ಟ್ ಕೈಗೆ ಬಂದ ಮಾರನೇ ದಿನ ಇಬ್ಬರೂ ಬೈಕಿನಲ್ಲಿ ಬ್ಲಫ್‌ಗೆ ಹೋದೆವು. ಪವರ್ ಹೌಸಿನ ಒಳಗೆ ಬಿಡಲಿಲ್ಲ. ಮೇಲೆ ನಿಂತು ಕೆಳಗಿನ ಕಟ್ಟಡ, ಪೈಪು, ತಂತಿಗಳನ್ನು ನೋಡಿದೆವು. ಅಪ್ಪ ನನ್ನ ಚಾರ್ಜರ್ ಬಗ್ಗೆ ಕೇಳಿದರು, ಎಷ್ಟು ವೋಲ್ಟ್, ಎಷ್ಟು ಆಂಪ್ಸ್, ಮಳೆ ಬಂದರೆ ಏನು ಮಾಡ್ತೀರಾ. ಫೋನಿನಲ್ಲಿ ಫೋಟೊ ತೋರಿಸಿದೆ. ಕನ್ನಡಕ ಹಾಕಿಕೊಂಡು, ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿದರು.

"ಇದನ್ನ ರಿಪೇರಿ ಮಾಡೋ ಹುಡುಗರಿಗೆ ರಾಡ್ ಕೊಟ್ಟಿದ್ದೀರಾ?"

"ಒಳಗಡೆ ಬಾಗಿಲಿಗೇ ಸಿಕ್ಕಿಸಿದ್ದೀವಿ ಕಣಪ್ಪ. ಅದನ್ನ ತೆಗೀದೆ ಕೈ ಹಾಕೋಕೆ ಆಗಲ್ಲ."

ಅಪ್ಪ ಮತ್ತೊಂದು ಸಲ ಫೋಟೊ ನೋಡಿ, ಬಾಗಿಲು ಎಲ್ಲಿದೆ ತೋರಿಸು ಅಂದರು.